ಕುರಿನಾಯಿ ಟ್ರಯಲ್: ಅಂಕ ಎಲ್ಲಿ ಸೋರುತ್ತಿದೆ ಅಂತ ಹುಡುಕೋದು ಹೇಗೆ

ಕುರಿನಾಯಿ ಟ್ರಯಲ್ ಅಂದರೆ ನಾಯಿ ತನ್ನ ಯಜಮಾನನ ಆಜ್ಞೆಯ ಮೇಲೆ ಕುರಿಗಳನ್ನು ನಡೆಸಿ ತೋರಿಸುವ ಸ್ಪರ್ಧೆ. ಮನೆ ಹೊಲದಲ್ಲಿ ಹೇಳಿದ ಮಾತು ಕೇಳುವ ಬಾರ್ಡರ್ ಕಾಲಿ (ಕುರಿ ಅಟ್ಟುವ ತಳಿ) ನಾಯಿ, ಟ್ರಯಲ್ ಮೈದಾನಕ್ಕೆ ಇಳಿದ ಕೂಡಲೇ ಬೇರೆ ಥರ ಆಡುತ್ತದೆ. ಕುರಿಗಳು ಗೇಟು ತಪ್ಪಿಸಿಕೊಂಡು ಓಡುತ್ತವೆ, ನಾಯಿ ಕರೆದರೂ ನಿಲ್ಲುವುದಿಲ್ಲ, ಕೊನೆಗೆ ರೊಪ್ಪದ (ಪೆನ್) ಬಾಗಿಲಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಹೊರಗೆ ಬಂದಮೇಲೆ ಹೆಚ್ಚಿನವರ ಬಾಯಲ್ಲಿ ಬರೋದು ಒಂದೇ ಮಾತು: "ಪೆನ್ ಹತ್ತಿರ ಕೈಕೊಟ್ಟಿತು." ಮರುದಿನದಿಂದ ಪೆನ್ ಅಭ್ಯಾಸ ಶುರು. ಮುಂದಿನ ಟ್ರಯಲ್‌ನಲ್ಲಿ ಮತ್ತೆ ಅದೇ ಕತೆ.

ತಪ್ಪು ಕಾಣಿಸುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಪೆನ್ ಹತ್ತಿರ ಕುರಿ ಬೆದರಿ ಓಡಿದರೆ, ಅವು ನಾಯಿಯ ಮೇಲೆ ನಂಬಿಕೆ ಕಳೆದುಕೊಂಡದ್ದು ಬಹಳ ಸಲ ಮೈದಾನದ ಆ ತುದಿಯಲ್ಲಿ, ಹತ್ತು ನಿಮಿಷ ಮೊದಲು. ಹಾಗಾಗಿ ಇಲ್ಲಿ ಹೇಳುವ ಎಲ್ಲ ಪರೀಕ್ಷೆಗಳ ಹಿಂದೆ ಇರೋದು ಒಂದೇ ಕ್ರಮ: ಕಂಡ ತಪ್ಪಿನಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ. ಅಲ್ಲೂ ತಪ್ಪಿದ್ದರೆ ಇನ್ನೊಂದು ಹೆಜ್ಜೆ ಹಿಂದಕ್ಕೆ.

ಮೈದಾನದ ಲೆಕ್ಕ

ಬ್ರಿಟನ್ನಿನ ಟ್ರಯಲ್‌ಗಳ ಲೆಕ್ಕವನ್ನೇ ಇಲ್ಲಿ ಹಿಡಿಯುತ್ತೇನೆ. ಈ ಸ್ಪರ್ಧೆಗೆ ಅಲ್ಲಿ ದೊಡ್ಡ ಇತಿಹಾಸ ಇದೆ. 1873ರ ಅಕ್ಟೋಬರ್ 9ರಂದು ವೇಲ್ಸ್‌ನ ಬಾಲಾದಲ್ಲಿ ನಡೆದ ಟ್ರಯಲ್ ಬ್ರಿಟನ್ನಿನ ಮೊದಲನೆಯದು ಅಂತ ಹೆಸರಾಗಿದೆ. ಗೆದ್ದದ್ದು ಟ್ವೀಡ್ ಅನ್ನೋ ನಾಯಿ. ಅದನ್ನು ಓಡಿಸಿದವನು ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವನು. 1906ರಲ್ಲಿ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ಶುರುವಾಯಿತು. ಇವತ್ತು ಊರೂರ ಟ್ರಯಲ್‌ಗಳೂ ಸ್ವಲ್ಪ ಹೆಚ್ಚುಕಡಿಮೆ ಅದರ ನಿಯಮವನ್ನೇ ಅನುಸರಿಸುತ್ತವೆ.

ಒಬ್ಬ ತೀರ್ಪುಗಾರರ ಕೈಯಲ್ಲಿ 100 ಅಂಕ. ನಾಯಿ ದೊಡ್ಡ ಬಳಸು ಹಾಕಿ ಕುರಿಗಳ ಹಿಂದೆ ಹೋಗುವ ಔಟ್‌ರನ್‌ಗೆ 20. ಕುರಿಗಳನ್ನು ನಿಂತ ಜಾಗದಿಂದ ಕದಲಿಸುವ ಲಿಫ್ಟ್‌ಗೆ 10. ನಿಮ್ಮ ಕಡೆಗೆ ನೇರವಾಗಿ ತರುವ ಫೆಚ್‌ಗೆ 20. ನಿಮ್ಮಿಂದ ದೂರಕ್ಕೆ, ತ್ರಿಕೋನದ ದಾರಿಯಲ್ಲಿ ನಡೆಸುವ ಡ್ರೈವ್‌ಗೆ 30. ಹಿಂಡಿನಿಂದ ಕೆಲವನ್ನು ಬೇರೆ ಮಾಡುವ ಶೆಡ್‌ಗೆ 10, ರೊಪ್ಪಕ್ಕೆ ತುಂಬಿಸುವ ಪೆನ್‌ಗೆ 10. ನ್ಯಾಷನಲ್ ಮಟ್ಟದಲ್ಲಿ ಔಟ್‌ರನ್ ಸುಮಾರು 400 ಗಜ, ಡ್ರೈವ್ ಒಟ್ಟು 450 ಗಜ, ಕುರಿಗಳು ದಾಟಬೇಕಾದ ಗೇಟಿನ ಅಗಲ 7 ಗಜ. ಕುರಿ ಐದು. ಊರಿನ ಸಣ್ಣ ಟ್ರಯಲ್‌ಗಳಲ್ಲಿ ದೂರ ಕಡಿಮೆ, ಹೊಸ ನಾಯಿಗಳ ನರ್ಸರಿ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಶೆಡ್ ಇರುವುದಿಲ್ಲ.

ತೀರ್ಪುಗಾರರು ಅಂಕ ಕೂಡಿಸುವುದಿಲ್ಲ, ಕಳೆಯುತ್ತಾರೆ. ನೀವು ಪೂರ್ತಿ ಅಂಕದಿಂದಲೇ ಶುರು ಮಾಡುತ್ತೀರಿ. ಅಂಕಪಟ್ಟಿ ಸಿಕ್ಕರೆ ಒಟ್ಟು ಮೊತ್ತ ಆಮೇಲೆ ನೋಡಿ. ಮೊದಲು ಯಾವ ಕಾಲಮ್ಮಿನಲ್ಲಿ ಸೋರಿಕೆ ಶುರುವಾಗಿದೆ ಅಂತ ನೋಡಿ. ಲಿಫ್ಟ್‌ನಲ್ಲಿ 4 ಅಂಕ ಹೋಗಿ, ಫೆಚ್‌ನಲ್ಲಿ 11 ಹೋಗಿದ್ದರೆ, ದೋಷ ಫೆಚ್‌ನದ್ದಲ್ಲ ಅನ್ನೋ ಅನುಮಾನ ಆಗಲೇ ಬರಬೇಕು.

ಇನ್ನೊಂದು ವಿಷಯ. ನಮ್ಮ ಕಡೆ ಕುರುಬರ ಹಿಂಡಿನ ಜೊತೆ ಇರುವ ನಾಯಿ ಕಾವಲಿನದು. ಅದು ಕುರಿಗಳ ಮಧ್ಯೆಯೇ ಮಲಗುತ್ತದೆ, ತೋಳ ಬಂದರೆ ಎದ್ದು ಬೊಗಳುತ್ತದೆ. ಕುರಿಗಳಿಗೆ ಅದರ ಭಯ ಇಲ್ಲ. ಬಾರ್ಡರ್ ಕಾಲಿಯದು ಇದಕ್ಕೆ ಪೂರ್ತಿ ಉಲ್ಟಾ. ಅದು ಬೇಟೆಯಾಡುವ ಪ್ರಾಣಿಯ ಹಾಗೆ ತಲೆ ತಗ್ಗಿಸಿ, ಕಣ್ಣು ನೆಟ್ಟು ಬರುತ್ತದೆ. ಕುರಿಗಳು ಸರಿಯೋದು ಅದಕ್ಕೇ. ಬೇಟೆಯ ಎಲ್ಲ ಹೆಜ್ಜೆಗಳೂ ಅದರಲ್ಲಿವೆ, ಕಚ್ಚಿ ಕೊಲ್ಲುವ ಕೊನೆಯದು ಮಾತ್ರ ತಡೆಹಿಡಿದಿರುತ್ತದೆ. ಕೆಳಗೆ ಬರುವ ಬಹಳಷ್ಟು ದೋಷಗಳು ಈ ಹುಟ್ಟುಗುಣ ಅತಿಯಾದಾಗ, ಇಲ್ಲವೇ ಸಾಲದೆ ಹೋದಾಗ ಬರುವಂಥವು. ನಾಯಿ ಹಟ ಮಾಡುತ್ತಿದೆ ಅಂತ ತಿಳಿದು ಬೈದರೆ ಯಾವುದೂ ಸರಿಹೋಗುವುದಿಲ್ಲ.

ತರಬೇತಿಯನ್ನು ದೂರುವ ಮೊದಲು

ಮೊದಲ ಪರೀಕ್ಷೆ ನಾಯಿಯ ಮೈಯದು. ಬಾರ್ಡರ್ ಕಾಲಿ ನೋವು ತೋರಿಸಿಕೊಳ್ಳುವುದಿಲ್ಲ. ಕುರಿ ಕಣ್ಣಿಗೆ ಬಿದ್ದರೆ ಸಾಕು, ಕುಂಟು ಮಾಯ. ಹಾಗಾಗಿ ಕೆಲಸದ ಹೊತ್ತಿನಲ್ಲಿ ನೋಡಿ ಪ್ರಯೋಜನ ಇಲ್ಲ. ಕೆಲಸದ ಮರುದಿನ ಬೆಳಗ್ಗೆ ಮಲಗಿದಲ್ಲಿಂದ ಏಳುವಾಗ ನೋಡಿ. ಗಟ್ಟಿ ರಸ್ತೆಯಲ್ಲಿ ನಿಧಾನವಾಗಿ ನಡೆಸಿ ನೋಡಿ. ಪಾದದ ಮೆತ್ತೆ ಸೀಳಿದೆಯಾ, ಬೆರಳ ಸಂದಿಯಲ್ಲಿ ಹುಲ್ಲಿನ ಮುಳ್ಳುಬೀಜ ಹೊಕ್ಕಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಮೊದಲು ಎರಡೂ ಕಡೆ ಚೆನ್ನಾಗಿ ಓಡುತ್ತಿದ್ದ ನಾಯಿ ಈಗ ಒಂದು ಕಡೆಗೆ ಮಾತ್ರ ಬಳಸು ಕಡಿಮೆ ಮಾಡುತ್ತಿದ್ದರೆ, ಭುಜ ಅಥವಾ ಸೊಂಟದ ನೋವು ಇರಬಹುದು. ಪಶುವೈದ್ಯರ ಹತ್ತಿರ ಹೋಗಿ ಬಂದಮೇಲೆ ಮಿಕ್ಕದ್ದು.

ಎರಡನೆಯದು ಕಿವಿ. ಇದನ್ನು ಜನ ಜಾಸ್ತಿ ಮರೆಯುತ್ತಾರೆ, ನನಗೆ ಇದರ ಬಗ್ಗೆ ತುಂಬ ಕಳವಳ. ಬಾರ್ಡರ್ ಕಾಲಿಗಳಲ್ಲಿ ವಂಶದಿಂದ ಬರುವ ಒಂದು ಕಿವುಡು ಇದೆ. ಹುಟ್ಟುವಾಗ ಕಿವಿ ಸರಿ ಇರುತ್ತದೆ, ಮೂರರಿಂದ ಐದು ವರ್ಷದ ಆಸುಪಾಸಿನಲ್ಲಿ ಕೇಳಿಸೋದು ಕಡಿಮೆಯಾಗುತ್ತಾ ಬರುತ್ತದೆ. ನಾಯಿ ಪಳಗಿ, ದೊಡ್ಡ ಟ್ರಯಲ್‌ಗೆ ಹೋಗುವ ವಯಸ್ಸೂ ಅದೇ. ಹತ್ತಿರದಲ್ಲಿ ಅದು ನಿಮ್ಮ ಮೈಯ ಚಲನೆ ನೋಡಿ ಕೆಲಸ ಮಾಡುವುದರಿಂದ ಏನೂ ಗೊತ್ತಾಗುವುದಿಲ್ಲ. ದೂರಕ್ಕೆ ಹೋದಾಗ ಮಾತ್ರ ಮಾತು ಕೇಳುವುದಿಲ್ಲ. ಯಜಮಾನ ಅದನ್ನು ಮೊಂಡುತನ ಅಂತ ತಿಳಿದು ದಂಡಿಸುತ್ತಾನೆ. ಎಂಥ ಅನ್ಯಾಯ ಅಲ್ವಾ? ಗಾಳಿ ಇಲ್ಲದ ದಿನ, ನಾಯಿ ಬೇರೆ ಕಡೆ ನೋಡುತ್ತಿರುವಾಗ, ಹಿಂದಿನಿಂದ ಮೆಲ್ಲಗೆ ಸೀಟಿ ಊದಿ. ಕಿವಿ ಅಲ್ಲಾಡುತ್ತದಾ? ತಲೆ ಸರಿಯಾದ ದಿಕ್ಕಿಗೆ ತಿರುಗುತ್ತದಾ? ಸದ್ದು ಕೇಳಿಸಿ ದಿಕ್ಕು ಗೊತ್ತಾಗದೆ ಸುತ್ತ ನೋಡಿದರೆ ಒಂದು ಕಿವಿ ಹೋಗಿರಬಹುದು. ಅನುಮಾನ ಬಂದರೆ ಬೇಯರ್ ಅನ್ನೋ ಶ್ರವಣ ಪರೀಕ್ಷೆ ಮಾಡಿಸಿ. ಅದರಲ್ಲಿ ಎರಡು ಕಿವಿಗಳ ಸ್ಥಿತಿಯೂ ಬೇರೆಬೇರೆಯಾಗಿ ಗೊತ್ತಾಗುತ್ತದೆ.

ಮೂರನೆಯದು ಬಿಸಿಲು, ದಣಿವು. ಓಟದ ಕೊನೆಯಲ್ಲಿ ಮಾತ್ರ ನಾಯಿ ಎಡವುತ್ತಿದ್ದರೆ, ನಾಲಿಗೆಯ ತುದಿ ಅಗಲವಾಗಿ ಚಮಚದ ಹಾಗೆ ಜೋತಿದ್ದರೆ, ಅದಕ್ಕೆ ಮೈಕಾವು ಏರಿದೆ. ಟ್ರಯಲ್ ಮೈದಾನದ ಹೊರಗೆ ನೀರಿನ ತೊಟ್ಟಿ ಇಟ್ಟಿರುವುದು ಇದಕ್ಕೇ. ಓಟ ಮುಗಿದ ಕೂಡಲೇ ನಾಯಿ ಅದರಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರಲಿ. ಇದಕ್ಕಿಂತ ಬೇರೆ ಇನ್ನೊಂದಿದೆ: ಐದರಿಂದ ಹದಿನೈದು ನಿಮಿಷ ಜೋರು ಕೆಲಸ ಮಾಡಿದ ಮೇಲೆ ಹಿಂಗಾಲು ಎಳೆಯುವುದು, ತೂರಾಡುವುದು, ಮಂಕಾಗಿ ಒಂದು ಕಡೆಗೆ ವಾಲುವುದು, ಆಮೇಲೆ ಅರ್ಧ ಗಂಟೆಯೊಳಗೆ ಏನೂ ಆಗದ ಹಾಗೆ ಎದ್ದು ಓಡಾಡುವುದು. ಇದನ್ನು ಬಾರ್ಡರ್ ಕಾಲಿ ಕೊಲ್ಯಾಪ್ಸ್ ಅನ್ನುತ್ತಾರೆ. ಸೆಕೆ ಇದ್ದ ದಿನ ಜಾಸ್ತಿ. ಈ ಲಕ್ಷಣ ಕಂಡ ಕ್ಷಣ ಕೆಲಸ ನಿಲ್ಲಿಸಿ, ನೆರಳಿಗೆ ಕರೆದುಕೊಂಡು ಹೋಗಿ. ತರಬೇತಿಯಿಂದ ಇದು ಹೋಗುವುದಿಲ್ಲ.

ಮನೆಯಲ್ಲಿ ಸರಿ, ಮೈದಾನದಲ್ಲಿ ತಪ್ಪು

ಮೈ ಸರಿ ಇದೆ ಅಂತಾದರೆ ಮುಂದಿನ ಅನುಮಾನ ನಿಮ್ಮ ಮನೆ ಕುರಿಗಳ ಮೇಲೆ. ವಾರಕ್ಕೆ ನಾಲ್ಕು ದಿನ ಒಂದೇ ನಾಯಿ ನೋಡಿದ ಕುರಿಗಳಿಗೆ ಪಾಠ ಬಾಯಿಪಾಠ ಆಗಿರುತ್ತದೆ. ಹ್ಯಾಂಡ್ಲರ್ (ನಾಯಿಗೆ ಆಜ್ಞೆ ಕೊಡುವವರು) ಕಾಲ ಹತ್ತಿರ ಹೋದರೆ ನಾಯಿಯ ಕಾಟ ತಪ್ಪುತ್ತದೆ ಅಂತ ಅವುಗಳಿಗೆ ಗೊತ್ತು. ನಾಯಿ ಎಲ್ಲಿದ್ದರೂ ಅವು ನಿಮ್ಮತ್ತಲೇ ಓಡಿ ಬರುತ್ತವೆ. ನೀವು ನಾಯಿ ಚೆನ್ನಾಗಿ ತಂದಿತು ಅಂದುಕೊಳ್ಳುತ್ತೀರಿ.

ಪರೀಕ್ಷೆ ಸುಲಭ. ನಾಯಿಯನ್ನು ಗಾಡಿಯಲ್ಲಿ ಬಿಟ್ಟು ಒಬ್ಬರೇ ಹೊಲದ ಮಧ್ಯೆ ಹೋಗಿ ನಿಲ್ಲಿ. ಕುರಿಗಳು ತಾವಾಗಿಯೇ ಹತ್ತಿರ ಬಂದವಾ? ಹಾಗಿದ್ದರೆ ಆ ಕುರಿಗಳ ಮೇಲೆ ನೋಡಿದ ಯಾವ ಫೆಚ್ಚನ್ನೂ, ನಾಯಿ ಸರಿಯಾದ ಜಾಗ ಹಿಡಿಯುವ ಯಾವ ಬ್ಯಾಲೆನ್ಸನ್ನೂ ನಂಬಬೇಡಿ. ಟ್ರಯಲ್‌ನಲ್ಲಿ ಸಿಗುವ ವೆಲ್ಷ್ ಮೌಂಟನ್ ಅಥವಾ ಸ್ಕಾಟಿಷ್ ಬ್ಲ್ಯಾಕ್‌ಫೇಸ್ ಗುಡ್ಡದ ಕುರಿಗಳು. ನಾಯಿ ದೂರ ಇರುವಾಗಲೇ ತಲೆ ಎತ್ತಿ ಕಾಲು ಕೀಳುತ್ತವೆ. ಟೆಕ್ಸೆಲ್ ಥರದ ಭಾರಿ ಕುರಿ ಇದಕ್ಕೆ ವಿರುದ್ಧ, ನಿಂತಲ್ಲೇ ನಿಂತು ನಾಯಿಯನ್ನೇ ದುರುಗುಟ್ಟಿ ನೋಡುತ್ತದೆ. ಒಂದೇ ಹೊಲ, ಒಂದೇ ಹಿಂಡಿನಲ್ಲಿ ಬೆಳೆದ ನಾಯಿಗೆ ಇವೆರಡೂ ಗೊತ್ತಿರುವುದಿಲ್ಲ. ಬೇರೆಯವರ ಹೊಲ, ಬೇರೆ ತಳಿಯ ಕುರಿ ಹುಡುಕಿಕೊಂಡು ಹೋಗುವುದೇ ಇದಕ್ಕೆ ಮದ್ದು. ಬೇರೆ ದಾರಿ ನನಗೆ ಕಾಣಿಸುವುದಿಲ್ಲ.

ಔಟ್‌ರನ್: ಬಳಸು ಕಡಿಮೆಯಾಗುವುದು

ಅತಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ನಾಯಿ ಎಡಕ್ಕೆ ಹೋಗಲು ಆಜ್ಞೆ ಕಮ್ ಬೈ, ಗಡಿಯಾರದ ಮುಳ್ಳಿನ ದಿಕ್ಕು. ಬಲಕ್ಕೆ ಹೋಗಲು ಅವೇ (away). ದಾರಿ ಪೇರ್ ಹಣ್ಣಿನ ಆಕಾರದಲ್ಲಿರಬೇಕು: ಶುರುವಿನಲ್ಲಿ ಕಿರಿದು, ಕುರಿಗಳ ಹತ್ತಿರ ಹೋದಷ್ಟೂ ಅಗಲ. ಕುರಿಗೆ ತೊಂದರೆ ಆಗದ ಹಾಗೆ ಹಿಂದಕ್ಕೆ ಬಂದು ನಿಲ್ಲಬೇಕು. ನಾಯಿ ಒಳಕ್ಕೆ ಕತ್ತರಿಸಿಕೊಂಡು ಬಂದರೆ ಅಂಕ ಹೋಗುತ್ತದೆ. ನಿಮಗೂ ಕುರಿಗೂ ನಡುವಿನ ಗೆರೆ ದಾಟಿ ಆ ಕಡೆಗೆ ಹೋದರಂತೂ 20ರಲ್ಲಿ ಉಳಿಯುವುದು ಸ್ವಲ್ಪವೇ.

"ನನ್ನ ನಾಯಿ ಔಟ್‌ರನ್‌ನಲ್ಲಿ ಬಿಗಿ" (ಬಳಸು ಕಿರಿದು) ಅಂದರೆ ಸಾಲದು. ಎಲ್ಲಿ ಬಿಗಿ ಅನ್ನೋದು ಗೊತ್ತಾಗಬೇಕು.

ಮೊದಲ ಐವತ್ತು ಹೆಜ್ಜೆಯಲ್ಲೇ ನೇರ ಕುರಿಗಳ ಕಡೆ ಹೋದರೆ, ತಪ್ಪು ಬಿಟ್ಟ ರೀತಿಯಲ್ಲಿದೆ. ಕಂಬದ (ನೀವು ನಿಂತು ನಾಯಿ ಬಿಡುವ ಜಾಗದ ಗುರುತು) ಹತ್ತಿರ ನಿಂತ ನಾಯಿಯ ಮೂಗು ಎತ್ತ ಇದೆ ನೋಡಿ. ಕುರಿಗಳ ಮೇಲೆ ಕಣ್ಣು ನೆಟ್ಟು, ಮೈ ಮುಂದಕ್ಕೆ ಚಾಚಿ ನಿಂತಿದ್ದರೆ ಅದು ಅತ್ತಲೇ ಹೋಗುತ್ತದೆ. ಹೋಗಬೇಕಾದ ಕಡೆಗೆ ನಿಮ್ಮಿಂದ ಒಂದೆರಡು ಹೆಜ್ಜೆ ಪಕ್ಕದಲ್ಲಿ ನಿಲ್ಲಿಸಿ, ಕುರಿ ನೋಡಿತು ಅಂತ ಖಾತ್ರಿ ಮಾಡಿಕೊಳ್ಳಿ. ಮೈ ಸ್ವಲ್ಪ ಹೊರಕ್ಕೆ ತಿರುಗಿದ ಕ್ಷಣ ಮೆಲುದನಿಯಲ್ಲಿ ಬಿಡಿ. ಜೋರಾಗಿ ಕೂಗಿ ಬಿಟ್ಟ ನಾಯಿ ನೇರ ಹೋಗುತ್ತದೆ.

ನಡುವಿನಲ್ಲಿ ಒಳಕ್ಕೆ ತಿರುಗಿದರೆ ಎರಡು ಕಾರಣ ಇರಬಹುದು. ಒಂದು, ತಗ್ಗಿನಲ್ಲಿ ಕುರಿ ಕಣ್ಮರೆಯಾಗಿ ನಾಯಿಗೆ ಅನುಮಾನ ಬಂದಿದೆ. ಇನ್ನೊಂದು, ದೂರವನ್ನು ನೀವು ಬೇಗ ಬೇಗ ಹೆಚ್ಚಿಸಿದ್ದೀರಿ. ಅರ್ಧ ದೂರದಲ್ಲಿ ಚಂದದ ಬಳಸು ಹಾಕುತ್ತಿದ್ದರೆ ಎರಡನೆಯದೇ ಕಾರಣ. ದೂರ ಅರ್ಧಕ್ಕೆ ಇಳಿಸಿ, ಅಲ್ಲಿಂದ ಮತ್ತೆ ಏರಿಸಿ.

ಕೊನೆಯ ಭಾಗದಲ್ಲಿ, ಕುರಿಗಳ ಹೆಗಲ ಹತ್ತಿರ ಮಾತ್ರ ಕತ್ತರಿಸಿದರೆ, ನಾಯಿಯ ತಲೆಯಲ್ಲಿ ಆಗಲೇ ಲಿಫ್ಟ್ ಶುರುವಾಗಿದೆ. ಇದನ್ನು ಕಂಬದ ಹತ್ತಿರ ನಿಂತು ಕೂಗಿ ಸರಿ ಮಾಡಲು ಆಗುವುದಿಲ್ಲ. ನೀವೇ ಕುರಿಗಳ ಹತ್ತಿರ ಹೋಗಿ ನಿಲ್ಲಿ, ನಾಯಿಯನ್ನು ದೂರದಿಂದ ಬಿಡಿಸಿ. ಅದು ಒಳಕ್ಕೆ ತಿರುಗುವ ಜಾಗ ನಿಮಗೆ ಗೊತ್ತಿದೆ. ತಿರುಗಿದ ಮೇಲೆ ಬೈಯಬೇಡಿ, ತಿರುಗುವ ಮುಂಚೆ ಆ ಜಾಗಕ್ಕೆ ನೀವು ಒಂದು ಹೆಜ್ಜೆ ಇಡಿ. ಅದರ ಭುಜ ಹೊರಕ್ಕೆ ವಾಲಿತೋ, ನೀವು ಹಿಂದಕ್ಕೆ ಸರಿಯಿರಿ. ನಿಮ್ಮ ಒತ್ತಡ ಹೋದದ್ದೇ ಅದಕ್ಕೆ ಬಹುಮಾನ. ಇಷ್ಟೇ ಕೆಲಸ. ಆದರೆ ಹೆಜ್ಜೆ ಅರ್ಧ ಸೆಕೆಂಡ್ ತಡವಾದರೂ ನಾಯಿ ಕಲಿಯೋದು ಬೇರೆಯದನ್ನೇ.

ಒಂದೇ ಕಡೆಗೆ ಬಿಗಿ, ಇನ್ನೊಂದು ಕಡೆಗೆ ಸರಿ ಅಂದರೆ? ನೋವಿಲ್ಲ ಅಂತ ಖಾತ್ರಿಯಾಗಿದ್ದರೆ, ಅದಕ್ಕೆ ಒಂದು ಕಡೆ ಇಷ್ಟ ಅಷ್ಟೆ. ಬಹುತೇಕ ನಾಯಿಗಳಿಗೆ ಹೀಗಿರುತ್ತದೆ. ಟ್ರಯಲ್‌ನಲ್ಲಿ ಯಾವ ಕಡೆಯಿಂದ ಬಿಡಬೇಕು ಅನ್ನೋದು ನಿಮ್ಮ ಆಯ್ಕೆ, ಅಲ್ಲಿ ಇಷ್ಟದ ಕಡೆಯಿಂದಲೇ ಬಿಡಿ. ಮನೆಯಲ್ಲಿ ಮಾತ್ರ ಇಷ್ಟವಿಲ್ಲದ ಕಡೆಗೆ ಜಾಸ್ತಿ ಕೆಲಸ ಕೊಡಿ.

ಲಿಫ್ಟ್: ಹತ್ತು ಅಂಕದ ಗುಟ್ಟು

ಅಂಕ ಹತ್ತೇ ಆದರೂ ಓಟದ ಹಣೆಬರಹ ಇಲ್ಲಿ ಬರೆದಿರುತ್ತದೆ. ನಾಯಿ ಹಿಂದೆ ಬಂದು, ವೇಗ ಇಳಿಸಿ, ಮೆಲ್ಲಗೆ ಮುಂದೆ ಬಂದಾಗ ಕುರಿಗಳು ಒಮ್ಮೆ ತಲೆ ಎತ್ತುತ್ತವೆ, ಅದನ್ನು ಅಳೆಯುತ್ತವೆ, ತಿರುಗಿ ನಡೆಯಲು ಶುರು ಮಾಡುತ್ತವೆ. ಓಡುವುದಿಲ್ಲ, ನಡೆಯುತ್ತವೆ. ಆ ಒಂದೆರಡು ಸೆಕೆಂಡಿನಲ್ಲಿ ಕುರಿಗೂ ನಾಯಿಗೂ ಒಪ್ಪಂದ ಆಗುತ್ತದೆ. ನಾಯಿ ನುಗ್ಗಿ ಬಂದು ಕುರಿ ಚದುರಿದರೆ ಆ ಒಪ್ಪಂದ ಮುರಿದುಬಿತ್ತು. ಅಲ್ಲಿಂದ ಪೆನ್ ತನಕ ಆ ಐದು ಕುರಿಗಳು ನಾಯಿಯ ಪ್ರತಿ ಅಲುಗಾಟಕ್ಕೂ ಬೆಚ್ಚುತ್ತವೆ.

ಲಿಫ್ಟ್ ಒರಟಾದರೆ ನೋಡಬೇಕಾದದ್ದು ಔಟ್‌ರನ್ನಿನ ಕೊನೆ. ಬಿಗಿಯಾಗಿ ಬಂದ ನಾಯಿ ಕುರಿಗೆ ತೀರಾ ಹತ್ತಿರ ಇರುತ್ತದೆ. ಅಲ್ಲಿ ಅದು ಎಷ್ಟೇ ಮೆಲ್ಲಗೆ ಹೆಜ್ಜೆ ಇಟ್ಟರೂ ಕುರಿ ಓಡುತ್ತದೆ. ಕುರಿ ಓಡಿದ್ದು ನೋಡಿ ನಾಯಿ ಬೆನ್ನಟ್ಟುತ್ತದೆ. ನೋಡುವವರಿಗೆ ನಾಯಿ ನುಗ್ಗಿತು ಅಂತ ಕಾಣುತ್ತದೆ. ಬಳಸು ಅಗಲವಾಗಿದ್ದೂ ನುಗ್ಗುತ್ತಿದ್ದರೆ ಮಾತ್ರ ಅದು ವೇಗದ ದೋಷ. ಆಗ ಮುಂದಿನ ಭಾಗ ಓದಿ.

ನಿಲ್ಲು ಅಂದರೆ ನಿಲ್ಲದ ನಾಯಿ

ಎಲ್ಲರೂ ದೂರುವ ದೋಷ. ಇದಕ್ಕೆ ಕಾರಣ ಹುಡುಕುವಾಗ ನಾಯಿಯ ಲೆಕ್ಕ ಏನು ಅಂತ ಯೋಚಿಸಬೇಕು.

ಮನೆಯಲ್ಲಿ ಲೈ ಡೌನ್ (ಮಲಗು) ಅಂದಮೇಲೆ ನೀವು ಏನು ಮಾಡುತ್ತೀರಿ? ಹೆಚ್ಚಾಗಿ ನಾಯಿಯನ್ನು ಕರೆದುಕೊಂಡು ಹೊರಡುತ್ತೀರಿ. ಅಂದರೆ ಮಲಗಿದರೆ ಕುರಿ ಕೈತಪ್ಪುತ್ತದೆ. ನಾಯಿಯ ಪಾಲಿಗೆ ಲೈ ಡೌನ್ ಅನ್ನೋದು ನಷ್ಟದ ಮಾತು. ಇದನ್ನು ತಿರುವು ಮಾಡಿ: ಮಲಗಿದ ಕೂಡಲೇ ವಾಕ್ ಅಪ್ (ಕುರಿಗಳತ್ತ ನಡೆ) ಅನ್ನಿ, ಕುರಿಗಳನ್ನು ಅದಕ್ಕೇ ವಾಪಸ್ ಕೊಡಿ. ಹತ್ತರಲ್ಲಿ ಒಂಬತ್ತು ಸಲ ನಿಲ್ಲುವುದರ ಹಿಂದೆಯೇ ಕೆಲಸ ಬರಲಿ. ಬಿಸಿ ತಲೆಯ ಎಷ್ಟೋ ನಾಯಿಗಳು ಇಷ್ಟರಿಂದಲೇ ಹಿಡಿತಕ್ಕೆ ಬರುತ್ತವೆ.

ಆಮೇಲೆ, ನಿಲ್ಲು ಅಂದದ್ದು ಎಲ್ಲಿ ಅಂತ ನೋಡಿ. ನಾಯಿ ಎಲ್ಲಿ ನಿಂತರೆ ಕುರಿಗಳು ನೇರ ನಿಮ್ಮತ್ತ ಬರುತ್ತವೋ ಅದು ಬ್ಯಾಲೆನ್ಸ್ ಜಾಗ. ಅಲ್ಲಿ ನಿಲ್ಲಲು ನಾಯಿಗೆ ಕಷ್ಟವಿಲ್ಲ. ಕುರಿಗಳು ಪಕ್ಕಕ್ಕೆ ಓಡಿ ತಪ್ಪಿಸಿಕೊಳ್ಳುತ್ತಿರುವಾಗ ನಿಲ್ಲು ಅಂದರೆ ಅದು ನಿಲ್ಲುವುದಿಲ್ಲ. ನಿಂತರೆ ಕುರಿ ಹೋಯಿತು ಅಂತ ಅದಕ್ಕೆ ಗೊತ್ತು. ಬಹಳ ಸಲ ಅದರ ತೀರ್ಮಾನವೇ ಸರಿ. ನೀವು ತಡವಾಗಿ ಹೇಳಿದ್ದೀರಿ. ಒಂದು ವಾರ ಬ್ಯಾಲೆನ್ಸ್ ಜಾಗದಲ್ಲಿ ಮಾತ್ರ ನಿಲ್ಲಿಸಿ. ಅಲ್ಲಿ ನೂರಕ್ಕೆ ನೂರು ನಿಂತರೆ ನಾಯಿಗೆ ಆಜ್ಞೆ ಗೊತ್ತಿದೆ, ಸರಿಯಾಗಬೇಕಾದದ್ದು ನಿಮ್ಮ ಸಮಯಪ್ರಜ್ಞೆ.

ಒಂದೇ ಆಜ್ಞೆಯನ್ನು ಮೂರು ಸಲ ಕೂಗುವ ಅಭ್ಯಾಸ ಇದ್ದರೆ, ಮೂರನೆಯದೇ ನಿಜವಾದ ಆಜ್ಞೆ ಅಂತ ನಾಯಿ ಕಲಿತಿರುತ್ತದೆ. ಮೂವತ್ತು ಗಜದಲ್ಲಿ ಇದು ನಡೆಯುತ್ತದೆ. 400 ಗಜದಲ್ಲಿ ಮೂರನೆಯದು ತಲುಪುವಷ್ಟರಲ್ಲಿ ಕುರಿ ಬೇಲಿ ಹತ್ತಿರ ಇರುತ್ತದೆ.

ಟ್ರಯಲ್‌ನಲ್ಲಿ ಮಾತ್ರ ನಿಲ್ಲುವುದಿಲ್ಲ ಅನ್ನುವವರಿಗೆ ಸೀಟಿ ಪರೀಕ್ಷೆ. ಕುರಿಗಾಹಿಗಳ ಸೀಟಿ ಮಡಚಿದ ತಗಡಿನ ಥರದ್ದು, ನಾಲಿಗೆಗೂ ಅಂಗುಳಕ್ಕೂ ನಡುವೆ ಇಟ್ಟು ಊದಬೇಕು. ಆತಂಕದಲ್ಲಿ ಬಾಯಿ ಒಣಗಿದರೆ ಸ್ವರ ಏರುತ್ತದೆ ಅಥವಾ ಒಡೆಯುತ್ತದೆ. ಉದ್ದಕ್ಕೆ ಎಳೆಯಬೇಕಾದ ನಿಲ್ಲುವ ಸೀಟಿ ಮೊಟಕಾಗಿ ಬೇರೆ ಸೀಟಿಯ ಹಾಗೆ ಕೇಳಿಸುತ್ತದೆ. ಸ್ನೇಹಿತರೊಬ್ಬರನ್ನು ಮೈದಾನದ ಆ ತುದಿಯಲ್ಲಿ, ನಾಯಿ ಇರುವ ಜಾಗದಲ್ಲಿ ನಿಲ್ಲಿಸಿ, ಫೋನಿನಲ್ಲಿ ನಿಮ್ಮ ಸೀಟಿ ರೆಕಾರ್ಡ್ ಮಾಡಿಸಿ. ಗಾಳಿ ಬೀಸುವ ದಿನವೇ ಮಾಡಿಸಿ. ಆ ರೆಕಾರ್ಡಿಂಗ್ ಕೇಳಿ ನಿಮಗೇ ಯಾವ ಆಜ್ಞೆ ಅಂತ ಗೊತ್ತಾಗದಿದ್ದರೆ, ನಾಯಿಯನ್ನು ಏನೂ ಅನ್ನುವ ಹಾಗಿಲ್ಲ.

ಫೆಚ್ ಮತ್ತು ಡ್ರೈವ್: ಗೆರೆ ಸೊಟ್ಟಗಾಗುವುದು

ಕುರಿಗಳು ಹಾವಿನ ಹಾಗೆ ಆ ಕಡೆ ಈ ಕಡೆ ಬರುತ್ತಿವೆ ಅಂದರೆ ನಾಯಿ ಅವುಗಳ ಹಿಂದೆ ಅಡ್ಡಡ್ಡ ಓಡುತ್ತಿದೆ. ಮೊದಲು ಕುರಿಯ ಸೆಳೆತ ಯಾವ ಕಡೆ ಅಂತ ನೋಡಿ. ಬಿಟ್ಟು ಬಂದ ಹಿಂಡು ಎಲ್ಲಿದೆ, ಓಟ ಮುಗಿಸಿದ ಕುರಿಗಳ ದೊಡ್ಡಿ ಎಲ್ಲಿದೆ? ಕುರಿಗಳಿಗೆ ಆ ಕಡೆ ಹೋಗುವ ಆಸೆ. ನಿಮ್ಮ ಸರದಿಗೆ ಮುಂಚೆ ಮೂರು ನಾಲ್ಕು ಓಟ ಗಮನವಿಟ್ಟು ನೋಡಿದರೆ, ಎಲ್ಲರ ಕುರಿಗಳೂ ಒಂದೇ ಜಾಗದಲ್ಲಿ ಒಂದೇ ಕಡೆಗೆ ವಾಲುವುದು ಕಾಣುತ್ತದೆ. ಸೆಳೆತ ಇರುವ ಮೈದಾನದಲ್ಲಿ ನಾಯಿ ನೇರ ಹಿಂದೆ ಇರಬಾರದು, ಸೆಳೆತದ ಕಡೆಗೆ ಸ್ವಲ್ಪ ಪಕ್ಕದಲ್ಲಿ ಇರಬೇಕು. ಒಳ್ಳೆಯ ನಾಯಿ ತಾನಾಗಿಯೇ ಅಲ್ಲಿ ಹೋಗಿ ನಿಲ್ಲುತ್ತದೆ. ನೀವು ಅದನ್ನು ಹಿಂದಕ್ಕೆ ಕರೆದು ಕೆಡಿಸಬೇಡಿ.

ಸೆಳೆತ ಏನೂ ಇಲ್ಲದೆಯೂ ಗೆರೆ ಸೊಟ್ಟಗಾದರೆ ಫ್ಲ್ಯಾಂಕ್, ಅಂದರೆ ನಾಯಿ ಪಕ್ಕಕ್ಕೆ ಸರಿಯುವ ರೀತಿ, ನೋಡಿ. ಕಮ್ ಬೈ, ಅವೇ ಅಂದಾಗ ನಾಯಿ ಕುರಿಗಳಿಂದ ದೂರ ಕಾಯ್ದುಕೊಂಡು ಪಕ್ಕಕ್ಕೆ ಸರಿಯಬೇಕು. ಅದರ ಬದಲು ಓರೆಯಾಗಿ ಮುಂದಕ್ಕೆ ಬಂದರೆ, ಪಕ್ಕಕ್ಕೆ ಹೋದ ಪ್ರತಿ ಸಲವೂ ಕುರಿಗಳನ್ನು ತಳ್ಳಿದ ಹಾಗೆ. ನೀವು ತಿದ್ದಲು ಕೊಟ್ಟ ಆಜ್ಞೆಯೇ ಗೆರೆ ಕೆಡಿಸುತ್ತದೆ. ಫ್ಲ್ಯಾಂಕ್‌ನ ಮೊದಲ ಎರಡು ಹೆಜ್ಜೆ ನೋಡಿ. ಭುಜ ಹೊರಕ್ಕೆ ತಿರುಗಿದರೆ ಸರಿ, ಮೂಗು ಒಳಕ್ಕೆ ಇದ್ದರೆ ತಪ್ಪು. ಮನೆಯಲ್ಲಿ ಹತ್ತಿರ ನಿಂತು, ನಿಲ್ಲಿಸಿ, ಹೊರಕ್ಕೆ ತಿರುಗಿದ ಮೇಲೆಯೇ ಮುಂದಕ್ಕೆ ಬಿಡಿ. ಡ್ರೈವ್‌ನ 30 ಅಂಕ ನಿಂತಿರುವುದು ಇದರ ಮೇಲೆ.

ಡ್ರೈವ್‌ನಲ್ಲಿ ನಾಯಿ ಕುರಿಗಳ ಮುಂದಕ್ಕೆ ಓಡಿ ವಾಪಸ್ ನಿಮ್ಮ ಹತ್ತಿರ ತರುತ್ತಿದ್ದರೆ, ಅದು ಹುಟ್ಟುಗುಣ, ದೋಷ ಅಲ್ಲ. ನಿಮ್ಮಿಂದ ದೂರ ಓಡಿಸುವುದು ಅದಕ್ಕೆ ವಿಚಿತ್ರ. ಕುರಿಗಳ ಪಕ್ಕದಲ್ಲಿ ನೀವೂ ನಡೆದುಕೊಂಡು ಹೋಗಿ, ಸ್ವಲ್ಪ ಸ್ವಲ್ಪ ಹಿಂದೆ ಉಳಿಯುತ್ತಾ ಬನ್ನಿ. ಆತುರ ಬೇಡ.

ಕಣ್ಣು ಕಚ್ಚಿ ನಿಲ್ಲುವುದು, ಬಾಯಿ ಹಾಕುವುದು

ಕೆಲವು ನಾಯಿಗಳು ಕುರಿಗಳನ್ನು ನೋಡುತ್ತಾ ಹಾಗೇ ಅಂಟಿಕೊಂಡುಬಿಡುತ್ತವೆ. ವಾಕ್ ಅಪ್ ಅಂದರೂ ಕದಲುವುದಿಲ್ಲ. ಕಣ್ಣಿನ ಬಲ, ಅಂದರೆ ಕುರಿಗಳನ್ನು ದಿಟ್ಟಿಸಿ ಹಿಡಿದಿಡುವ ಗುಣ, ಅತಿಯಾಗಿದೆ. ಇವತ್ತಿನ ಬಾರ್ಡರ್ ಕಾಲಿಗಳಲ್ಲಿ ಬಹುತೇಕ ಎಲ್ಲದರ ವಂಶವೂ ಹೋಗಿ ಸೇರುವುದು 1893ರಲ್ಲಿ ನಾರ್ತಂಬರ್‌ಲ್ಯಾಂಡ್‌ನಲ್ಲಿ ಆಡಮ್ ಟೆಲ್ಫರ್ ಸಾಕಿದ ಓಲ್ಡ್ ಹೆಂಪ್ ಅನ್ನೋ ನಾಯಿಗೆ. ಅದರ ತಾಯಿ ಮೆಗ್ ಬಲವಾದ ಕಣ್ಣಿನದು, ತಂದೆ ರಾಯ್‌ಗೆ ಅಷ್ಟು ಕಣ್ಣಿರಲಿಲ್ಲ. ಎರಡೂ ಗುಣ ತಳಿಯಲ್ಲಿ ಉಳಿದಿವೆ. ಅಂಟಿಕೊಳ್ಳುವ ನಾಯಿಯನ್ನು ನಿಂತ ಕುರಿಗಳ ಎದುರು ಮಲಗಿಸುತ್ತಾ ಇದ್ದರೆ ಚಟ ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೆ ಲೈ ಡೌನ್ ಕಡಿಮೆ ಹೇಳಿ. ಕುರಿಗಳು ಸದಾ ಚಲಿಸುತ್ತಿರಲಿ, ದೊಡ್ಡ ಹಿಂಡಿನ ಮೇಲೆ, ಹೊಲದಿಂದ ಹೊಲಕ್ಕೆ ಸಾಗಿಸುವ ನಿಜವಾದ ಕೆಲಸ ಕೊಡಿ.

ಬಾಯಿ ಹಾಕುವುದು ಅಂದರೆ ಗ್ರಿಪ್. ಕಾರಣವಿಲ್ಲದೆ ಕಚ್ಚಿದರೆ ಓಟ ಅಲ್ಲಿಗೇ ರದ್ದು, ಅದು ನ್ಯಾಯ ಕೂಡ. ಕಚ್ಚುವ ನಾಯಿ ಧೈರ್ಯದ ನಾಯಿ ಅಂತ ಜನ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಹೆದರಿದ ನಾಯಿ. ಕುರಿ ತಿರುಗಿ ನಿಂತಾಗ ಏನು ಮಾಡಬೇಕು ಅಂತ ಗೊತ್ತಾಗದೆ ನುಗ್ಗಿ, ಕಚ್ಚಿ, ವಾಪಸ್ ಓಡುತ್ತದೆ. ಎಲ್ಲಿ ಕಚ್ಚಿತು ನೋಡಿ. ಓಡುವ ಕುರಿಯ ಹಿಂಗಾಲಿಗೆ, ಪಕ್ಕೆಗೆ ಬಾಯಿ ಹಾಕಿದರೆ ತಲೆ ಬಿಸಿಯಾಗಿದೆ, ವೇಗ ಇಳಿಸಬೇಕು. ಎದುರು ನಿಂತ ಕುರಿಯ ಮುಖಕ್ಕೆ ನುಗ್ಗಿದರೆ ಧೈರ್ಯ ಸಾಲದು. ಆಗ ಸುಲಭದ ಕುರಿ ಕೊಟ್ಟು, ನೀವೂ ಪಕ್ಕದಲ್ಲೇ ನಿಂತು, ನಾಯಿ ಒಂದೊಂದೇ ಹೆಜ್ಜೆ ಮುಂದಿಟ್ಟಾಗ ಕುರಿ ತಿರುಗುವ ಹಾಗೆ ಮಾಡಿ. ಬೈದರೆ ಎರಡೂ ಥರದ ನಾಯಿ ಕೆಡುತ್ತದೆ.

ಶೆಡ್, ಪೆನ್

ಶೆಡ್‌ನಲ್ಲಿ ಕರೆದರೂ ನಾಯಿ ಕುರಿಗಳ ಸಂದಿಗೆ ಬರುವುದಿಲ್ಲ ಅನ್ನೋದು ಸಾಮಾನ್ಯ. ಹುಟ್ಟಿದಾಗಿನಿಂದ ಕುರಿಗಳನ್ನು ಒಟ್ಟಿಗೆ ಇಡು ಅಂತ ಕಲಿಸಿ, ಈಗ ನಡುವೆ ನುಗ್ಗು ಅನ್ನುತ್ತಿದ್ದೀರಿ. ಐದು ಕುರಿಗಳ ಮೇಲೆ ಕಲಿಸಬೇಡಿ. ಇಪ್ಪತ್ತು ಕುರಿ ತೆಗೆದುಕೊಂಡು, ಗಾಡಿ ಹೋಗುವಷ್ಟು ಸಂದಿ ಮಾಡಿ ಕರೆಯಿರಿ. ಬಂದ ಮೇಲೆ ಒಂದು ಗುಂಪನ್ನು ಅದಕ್ಕೇ ಒಪ್ಪಿಸಿ, ದೂರ ನಡೆಸಿಕೊಂಡು ಹೋಗಲಿ.

ಪೆನ್‌ನಲ್ಲಿ ನಿಮ್ಮ ಕೈಯಲ್ಲಿ ಬಾಗಿಲಿಗೆ ಕಟ್ಟಿದ 6 ಅಡಿ ಹಗ್ಗ, ಅದನ್ನು ಬಿಡುವ ಹಾಗಿಲ್ಲ. ಇಲ್ಲಿ ನಾಯಿಯನ್ನು ನೋಡಬೇಡಿ, ಕುರಿಗಳ ತಲೆ ನೋಡಿ. ಮುಂದಿನ ಕುರಿ ಒಳಕ್ಕೆ ನೋಡಿತು ಅಂದರೆ ನಾಯಿ ಕದಲಬಾರದು, ನೀವೂ ಕೋಲು ಆಡಿಸಬಾರದು. ಅದು ಒಂದು ಕ್ಷಣ ಯೋಚಿಸುತ್ತದೆ, ಒಂದು ಕಾಲು ಒಳಗಿಡುತ್ತದೆ, ಮಿಕ್ಕವು ಅದರ ಹಿಂದೆ ಬರುತ್ತವೆ. ಹಿಂದಿನ ಕುರಿ ನಾಯಿಯತ್ತ ತಿರುಗಿ ನೋಡುತ್ತಿದ್ದರೆ ನಾಯಿ ತೀರಾ ಹತ್ತಿರ ಬಂದಿದೆ. ಎಲ್ಲವೂ ನಿಮ್ಮನ್ನೇ ನೋಡುತ್ತಿದ್ದರೆ ನೀವು ಮುಂದೆ ಬಂದಿದ್ದೀರಿ, ಅರ್ಧ ಹೆಜ್ಜೆ ಹಿಂದಕ್ಕೆ ಹೋಗಿ. ಯಾವ ಕಡೆ ನಿಂತರೂ ಕುರಿ ನಿಲ್ಲದೆ ಸುತ್ತು ಹೊಡೆಯುತ್ತಿದ್ದರೆ ಪೆನ್ ಬಿಟ್ಟು ಲಿಫ್ಟ್‌ನ ವಿಡಿಯೋ ನೋಡಿ.

ಸರಿಯಾಯಿತಾ ಅಂತ ನೋಡುವುದು

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಿಡುವ ರೀತಿ, ದೂರ, ಕುರಿ, ಸೀಟಿ, ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಲ ಕೆಟ್ಟರೆ ಮತ್ತೆ ಮೊದಲಿನಿಂದ ಹುಡುಕಬೇಕು. ಓಟವನ್ನು ಯಾರಿಂದಾದರೂ ವಿಡಿಯೋ ಮಾಡಿಸಿ, ಆ ವಿಡಿಯೋದಲ್ಲಿ ಕುರಿಗಳನ್ನು ಮಾತ್ರ ಗಮನಿಸುತ್ತಾ ಒಂದು ಸಲ ನೋಡಿ. ಅವು ಮೊದಲ ಸಲ ನಡಿಗೆಯಿಂದ ಓಟಕ್ಕೆ ಬದಲಾದದ್ದು ಎಲ್ಲಿ? ಅಲ್ಲಿ ನಿಲ್ಲಿಸಿ, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ. ಆ ಹತ್ತು ಸೆಕೆಂಡಿನಲ್ಲಿ ನಾಯಿ ಏನು ಮಾಡಿತು, ನೀವು ಏನು ಹೇಳಿದಿರಿ ಅನ್ನೋದರಲ್ಲಿ ಉತ್ತರ ಸಿಗುತ್ತದೆ.

ಮನೆಯಲ್ಲಿ ಸರಿಹೋದ ದೋಷ ಟ್ರಯಲ್‌ನಲ್ಲಿ ಮರುಕಳಿಸಿದರೆ ಅಂಕಕ್ಕೆ ಆಸೆಪಡಬೇಡಿ. ಮೈದಾನದ ಮಧ್ಯೆ ಆಜ್ಞೆ ಮೀರಿದರೂ ಆಟ ಮುಂದುವರಿಯುತ್ತದೆ ಅಂತ ನಾಯಿ ಒಮ್ಮೆ ಕಲಿತರೆ ಅದನ್ನು ಮರೆಸೋದು ಕಷ್ಟ. ಲಿಫ್ಟ್‌ನಲ್ಲಿ ನುಗ್ಗಿ, ಎರಡು ಸಲ ಹೇಳಿದರೂ ನಿಲ್ಲದಿದ್ದರೆ ರಿಟೈರ್ ಆಗುತ್ತೇನೆ ಅಂತ ತೀರ್ಪುಗಾರರಿಗೆ ಕೈ ಎತ್ತಿ ತಿಳಿಸಿ. ಕಂಬ ಬಿಟ್ಟು ನಾಯಿಯ ಹತ್ತಿರ ನಡೆದು ಹೋಗಿ, ಕೂಗಾಡದೆ ಮಲಗಿಸಿ. ಮಲಗಿದ ಮೇಲೆ ಆ ಕುರಿಗಳನ್ನು ಅದರ ಕೈಯಿಂದಲೇ, ನೀವು ಪಕ್ಕದಲ್ಲಿದ್ದುಕೊಂಡು, ನಿಧಾನವಾಗಿ ಹೊರಗಿನ ದೊಡ್ಡಿಗೆ ನಡೆಸಿ. ಮುಂದಿನವರು ಕಾಯುತ್ತಿರುತ್ತಾರೆ, ಬೇಗ ಮೈದಾನ ಖಾಲಿ ಮಾಡಿ, ನಾಯಿಗೆ ನೀರು ಕೊಡಿ.